ಬಾಯ್ತಪ್ಪಿ ಬಂದ ಹೆಸರು

ರೋಟೆ ದ್ವೀಪದಲ್ಲಿ ಆಗಸ್ಟೆಂದರೆ ಒಣಗಾಳಿ.
ಬಾವಿಯ ಹಗ್ಗದ ತುದಿಗೆ ಬರೀ ಕೆಸರು.
ನೀರಿಲ್ಲದ ಈ ತಿಂಗಳಲ್ಲೇ ಮರಕ್ಕೆ ಹಾಲೂಡುವ ಹುಚ್ಚು:
ಅರವತ್ತಡಿ ಮೇಲೆ, ಹೂಗೊಂಚಲ ತುದಿಯಲ್ಲಿ
ತೊಟ್ಟು ತೊಟ್ಟಾಗಿ ಸಿಹಿ.

ಆ ದಿನ ಶಾಲೆಯಲ್ಲಿ, ಬಾಲಿಯಿಂದ ಬಂದ ಕೆತುತ್ ಮೇಷ್ಟ್ರು
ಬೋರ್ಡಿನ ಮೇಲೆ ಎರಡು ತುಂಡು ಬರೆದರು:
ರೊನ್. ತಾಲ್.
ರೊನ್ ಅಂದರೆ ಜಾವಾದವರ ಬಾಯಲ್ಲಿ ಎಲೆ.
ತಾಲ್ ಹಡಗು ಹತ್ತಿ ಬಂದದ್ದು, ಪಡುಗಡಲಾಚೆಯ ತಾಳ.
ಎರಡೂ ಕೂಡಿ ರೊನ್‌ತಾಲ್, ತಾಳೆಯೋಲೆ.
ಆಮೇಲೆ ಯಾರದೋ ನಾಲಿಗೆ ಎಡವಿ
ರಕಾರ ಹಿಂದಕ್ಕೆ, ಲಕಾರ ಮುಂದಕ್ಕೆ,
ಮದುವೆಮನೆ ಬಾಗಿಲಲ್ಲಿ ಚಪ್ಪಲಿ ಅದಲುಬದಲಾದ ಹಾಗೆ
ಲೊಂತಾರ್ ಆಯಿತು.
ಯಾರೂ ಹಿಂದಿರುಗಿಸಲಿಲ್ಲ.
ಅಂಗೈಯ ಸುಣ್ಣದ ಧೂಳು ಒರೆಸಿಕೊಂಡು ನಕ್ಕರು.

ಓಡಿ ಬಂದು ಬುಡದಿಂದ ಕೂಗಿದೆ:
"ಅಪ್ಪಾ, ನಮ್ಮ ಮರದ ಹೆಸರೇ ತಪ್ಪಂತೆ!"
ಮೇಲೆ ಎರಡು ಅಂಗಾಲು,
ಸೊಂಟದಲ್ಲಿ ತೂಗುವ ಓಲೆಯ ಬಕೀಟು.
ಅಪ್ಪನ ಹಲ್ಲುಗಳ ನಡುವೆ ಕತ್ತಿಯಿತ್ತು.
ಉತ್ತರ ಬರಲಿಲ್ಲ.

ಇಳಿದ ಮೇಲೂ ಬೇಗ ಬರಲಿಲ್ಲ.
ರಸದಲ್ಲಿ ಮುಳುಗಿದ್ದ ಜೇನ್ನೊಣ ಎತ್ತಿ
ರೆಕ್ಕೆ ಆರಲೆಂದು ಕಲ್ಲಿನ ಮೇಲಿಟ್ಟು
"ನಾವು ತುವಾ ಅಂತೇವೆ," ಅಂದ,
"ಮರಕ್ಕೂ ತುವಾ, ರಸಕ್ಕೂ ತುವಾ."
ಸ್ವಲ್ಪ ಹೊತ್ತು ಬಿಟ್ಟು:
"ಎಲೆ ನೋಡಿ ಹೆಸರಿಟ್ಟವನು ಕೂತು ಬರೆಯುವವನಿರಬೇಕು.
ಹತ್ತಿದವನಲ್ಲ.
ಅವನ ಬಾಯಿ ತಪ್ಪಿದರೆ ಒಂದು ಹೊಸ ಹೆಸರು.
ನಮ್ಮ ಕಾಲು ತಪ್ಪಿದರೆ..."
ಅಷ್ಟಕ್ಕೇ ನಿಲ್ಲಿಸಿದ.
ಒಲೆಯ ಮುಂದೆ ಏನೋಖ್ ಚಿಕ್ಕಪ್ಪ,
ಹದಿನಾಲ್ಕು ವರ್ಷದಿಂದ ಮಡಚದ ಬಲಗಾಲು ಚಾಚಿ
ಬೆಂಕಿಗೆ ಒಣಗರಿ ತಳ್ಳುತ್ತಿದ್ದವನು
ಕೇಳಿಯೂ ಕೇಳದವನಂತೆ
"ಪಾಕ ಹದಕ್ಕೆ ಬಂತು," ಅಂದ.

ರಾತ್ರಿ ಊಟಕ್ಕೆ ಅದೇ ಪಾಕ, ನೀರು ಬೆರೆಸಿ, ಎಂದಿನ ಹಾಗೆ.
ಮೇಷ್ಟ್ರ ಮೇಲೆ ನನಗೆ ಸಿಟ್ಟೇನಿರಲಿಲ್ಲ.
ಹೆಸರಿಗೂ ಮರಕ್ಕೂ ತಾಳೆ ಹಾಕುತ್ತಲೇ ಇದ್ದೆ, ಕೂಡಲಿಲ್ಲ.
ಹಸಿಯೋಲೆಯೊಂದರ ಮೇಲೆ ಮುಳ್ಳಿನಿಂದ ಗೀರಿದೆ:
ಲೊಂತಾರ್ ಒಂದು ಕಡೆ, ತುವಾ ಒಂದು ಕಡೆ.
ಯಾವುದರ ಕೆಳಗೂ ಗೆರೆ ಎಳೆಯದೆ ಮಲಗಿದೆ.

ಬೆಳಿಗ್ಗೆ ಅವ್ವ, ಓದು ಬಾರದ ವಿಲ್ಹೆಲ್ಮಿನಾ,
ಅದೇ ಓಲೆ ಎತ್ತಿಕೊಂಡು
ಸೀರೆಯ ನೆರಿಗೆಯಷ್ಟು ನಯವಾಗಿ ಮಡಚಿ
ಬಕೀಟು ಕಟ್ಟಿದ್ದಳು, ಗೀರು ಒಳಮೈಗೆ.
ನಾನು ಎದ್ದು ನೋಡುವಷ್ಟರಲ್ಲಿ
ಅಪ್ಪ ಸೊಂಟಕ್ಕೆ ಸಿಕ್ಕಿಸಿಕೊಂಡು ಅರ್ಧ ಮರ ಏರಿದ್ದ.

ಕೆಳಗೆ ನಿಂತು ಕಿವಿಗೊಟ್ಟೆ.
ಅಷ್ಟೆತ್ತರದ ಸದ್ದು ಕೇಳುವುದಿಲ್ಲ, ಗೊತ್ತು.
ಆದರೂ ಈಗ ಮೊದಲ ತೊಟ್ಟು ಬಿದ್ದಿರಬೇಕು
ನನ್ನ ಅಕ್ಷರದ ಮೇಲೆ.
ಯಾವ ಹೆಸರಿನ ಮೇಲೆಂದು
ಕತ್ತಿ ಕಚ್ಚಿಕೊಂಡವನನ್ನು ಹೇಗೆ ಕೇಳಲಿ.