ಅರ್ಧಾಕ್ಷರ

ಫ್ರಿಜ್ಜಿನ ಬಾಗಿಲಿಗೆ ಒಂದೇ ಅಯಸ್ಕಾಂತದಡಿ
ಎರಡು ಚೀಟಿ.
ಒಂದು: ಬುಧವಾರ ಸಂಜೆ ಆರಕ್ಕೆ, ಹಳೇ ಮರದ ಗೋದಾಮು,
ಎಂಟು ಮರಿ, ಎಂಟು ಹಗ್ಗ, ತಲೆಗೆ ಹದಿನಾಲ್ಕು ಯೂರೋ.
ಇನ್ನೊಂದು: ಓರ್ವೊಕ್ಕಿ ಎಂಬಾಕೆ, ಮನೆಗೇ ಬರುತ್ತಾಳೆ,
ಗಂಟೆಗೆ ಎಪ್ಪತ್ತು.

ಮೇಜಿನಡಿ ಮರಿ
ನನ್ನ ಎಡಗಾಲ ಚೀಲವನ್ನು ಬಿಚ್ಚಿ ದಾರ ಮಾಡುತ್ತಿದೆ.
ಹನ್ನೆರಡು ವಾರ. ಹಿಮಸಾರಂಗ ಕಾಯುವ ಕುಲ.
ಬಾಲ ಬೆನ್ನ ಮೇಲೆ ಸುತ್ತಿಟ್ಟ ಡೊಂಕು;
ಅದನ್ನು ನೆಟ್ಟಗೆ ಮಾಡಿಕೊಡಿ ಅಂತ
ನಾನಂತೂ ಯಾರನ್ನೂ ಕೇಳುವುದಿಲ್ಲ.

ಹೆಸರು ಉಸ್ವಾ. ಅಂದರೆ ಮಂಜು.
ಚಂದವಿದೆ ಅಂತ ಇಟ್ಟದ್ದಲ್ಲ,
ಸ್ವರದಿಂದ ಶುರುವಾಗುತ್ತದೆ ಅಂತ.
ಸ್ವರಗಳು ನನ್ನ ಬಾಯಿಂದ ನೀರಿನ ಹಾಗೆ ಇಳಿಯುತ್ತವೆ,
ವ್ಯಂಜನಗಳದ್ದೇ ತಕರಾರು.
ಕ, ತ, ಪ: ಒಳಗಿಂದ ಅಗುಳಿ ಹಾಕಿದ ಬಾಗಿಲು.
ತಳ್ಳಿ ತಳ್ಳಿ ತೆರೆಯುವ ಹೊತ್ತಿಗೆ
ಕೇಳಲು ಕೂತವರು ಎದ್ದು ಹೋಗಿರುತ್ತಾರೆ.

ಇಲ್ಲಿ ನಾಯಿಯನ್ನು ಕರೆಯುವ ಮಾತು 'ತನ್ನೆ'.
ಇಲ್ಲಿಗೆ ಬಾ, ಅಂತ.
ತ.

ಭಾವ ರೈಮೊ ಅನ್ನುತ್ತಾನೆ: ಗುಂಪಿಗೇ ಹಾಕು,
ಬಾವಿಯಲ್ಲಿ ಕಲಿತ ಈಜು ಹೊಳೆಗೆ ಬಿದ್ದಾಗ ಗೊತ್ತಾಗುತ್ತೆ.
ಪಶುವೈದ್ಯೆ ಅನ್ನುತ್ತಾಳೆ: ಇನ್ನು ಕೆಲವೇ ವಾರ,
ಬೇರೆ ನಾಯಿ, ಬೇರೆ ಮಕ್ಕಳು, ಬೇರೆ ಗಲಾಟೆ, ಈಗಲೇ ಮೂಸಲಿ,
ಆಮೇಲೆ ಎಲ್ಲಕ್ಕೂ ಹೆದರುತ್ತೆ.
ಸರಿ. ಸರಿಯೇ.
ಅವರಿಬ್ಬರೂ ನೋಡಿಲ್ಲವಲ್ಲ,
ಮೂರನೇ ಕ್ಲಾಸಿನಲ್ಲಿ ನಾನು ಪುಸ್ತಕ ಹಿಡಿದೆದ್ದು
ಒಂದು ಅಕ್ಷರದ ಮೇಲೆ ನಿಂತೇ ಇದ್ದದ್ದನ್ನು,
ಟೀಚರು ಕರುಣೆಯಿಂದ
ನನ್ನ ಪದವನ್ನು ತಾವೇ ಮುಗಿಸಿ, ಕೂತ್ಕೋ, ಅಂದದ್ದನ್ನು.
ಬೈದಿದ್ದರೆ ಮರೆಯುತ್ತಿದ್ದೆನೇನೋ.

ಈಗ ಕೆಮಿಯ ಡಿಪೋದಲ್ಲಿ
ಹಿಮ ಗುಡಿಸುವ ಲಾರಿಗಳ ಹೊಟ್ಟೆಯಡಿ ಮಲಗಿ ನನ್ನ ದಿನ.
ಸ್ಪ್ಯಾನರಿಗೆ ಮಾತು ಬೇಡ.

ಎಪ್ಪತ್ತು ಯೂರೋದವಳನ್ನೇ ಕರೆದೆ.
ನಾಯಿ ತುಂಬ ನಾಚಿಕೆಯದ್ದು ಎಂದು ಬರೆದೆ.
ಸುಳ್ಳು.

ಓರ್ವೊಕ್ಕಿ ಬಂದಳು, ಜೇಬಿನ ತುಂಬ ಒಣಮೀನು.
ನಾಚಿಕೆಯ ನಾಯಿ ಅವಳ ಕೋಟಿಗೇ ಜೋತುಬಿತ್ತು.
ಏನೂ ಅನ್ನಲಿಲ್ಲ ಅವಳು.
ಮರಿಯನ್ನೆತ್ತಿ ಅಡುಗೆಮನೆಯ ಆ ತುದಿಗೆ ಹೋಗಿ,
ಕರೆ, ಅಂದಳು.
ತ್...
ಕಾದಳು. ಗಡಿಯಾರ ನೋಡಲಿಲ್ಲ, ನನ್ನ ತುಟಿ ನೋಡಲಿಲ್ಲ.
ತ್... ತ್...
ಉಗುರು ಜಾರಿ, ಗಲ್ಲ ನೆಲಕ್ಕೆ ಬಡಿದು, ಎದ್ದು
ಉಸ್ವಾ ನನ್ನ ಮೊಣಕಾಲಿಗೆ ಒರಗಿ ಕೂತಿತ್ತು.
ಪದ ಇನ್ನೂ ಹಲ್ಲಿನ ಹಿಂದೆಯೇ ಇತ್ತು.

ಸೀಟಿ ಕೊಳ್ಳು ಅಂತಾಳೆ, ಕೈಸನ್ನೆ ಕಲಿ ಅಂತಾಳೆ,
ಅಂದುಕೊಂಡೆ.
ಅವಳು ಕಾಫಿ ಕುಡಿದಳು. ಇನ್ನರ್ಧ ಲೋಟ ಕೇಳಿದಳು.
'ಇದಕ್ಕೆ ನಿನ್ನ ಕರೆ ಗೊತ್ತು. ನನಗ್ಯಾಕೆ ದುಡ್ಡು?
ಬುಧವಾರ ಗೋದಾಮಿಗೆ ಹೋಗು.'

ಎರಡು ಬುಧವಾರ ಹೋಗಲಿಲ್ಲ.
ಒಂದು ಸಲ ಕಾರಿನಲ್ಲೇ ಕೂತು ವಾಪಸು ಬಂದೆ.

ಗೋದಾಮಿನಲ್ಲಿ ಒದ್ದೆ ರೋಮದ ವಾಸನೆ, ಪೈನ್ ಮರದ ಅಂಟು.
ಡಾಬರ್‌ಮನ್ ಮರಿಯೊಂದು ಒಂದೇ ಸಮನೆ ಅಳುತ್ತಿತ್ತು.
ಬಂದರಿನ ಕ್ರೇನು ನಡೆಸುವವನು, ಭಾರೀ ಆಳು,
ತನ್ನ ಪೂಡಲ್ಲನ್ನು ಆರು ಸಲ ಕೂಗಿದ,
ಅದು ಮೂಲೆಯಲ್ಲಿ ನಿಧಾನವಾಗಿ ಉಚ್ಚೆ ಹೊಯ್ಯಿತು.
ನನ್ನ ಸರದಿ.
ತ್...
ಏಳು ಜನ ತಂತಮ್ಮ ಬೂಟು ನೋಡಿಕೊಂಡರು.
ಆ ಮೌನದ ಗುರುತು ನನಗಿದೆ.
ತ್... ತ್...
ಹಗ್ಗ ಎಳೆದುಕೊಂಡೇ ಹೊರಟಿತು ಉಸ್ವಾ,
ಅದರ ಹಿಂದೆ ಪೂಡಲ್ಲು,
ಅದರ ಹಿಂದೆ ಅಳು ಮರೆತ ಡಾಬರ್‌ಮನ್ನು.
ಮೂರು ಮೂತಿ, ಒಂದೇ ಮಡಿಲು.
ಕ್ರೇನಿನವನು ಬೆವರೊರೆಸಿಕೊಂಡು ಕೇಳಿದ:
ಅದ್ಯಾವ ಮಾತಮ್ಮಾ ಅದು? ನನಗೂ ಹೇಳಿಕೊಡು.

ಬಗ್ಗಿ
ಉಳಿದರ್ಧವನ್ನು
ಉಸ್ವಾಳ ಕಿವಿಯೊಳಗೆ ಬಿಟ್ಟೆ.
ಕಚಗುಳಿಯಾಗಿ
ಅದು ತಲೆ ಕೊಡವಿಕೊಂಡಿತು.