ಬಲಕ್ಕೆ ಗೋಡೆ

ನನ್ನ ಕೈಯಲ್ಲಿ ಪಟ್ಟಿ: ನೋಡತಕ್ಕ ಸ್ಥಳ ಹನ್ನೊಂದು.
ಸ್ಟಿಯರಿಂಗ್ ಮೇಲೆ ಪುಂಡಲೀಕ ಹರಿಕಂತ್ರನ
ಬಲೆ ಎಳೆದು ಗಂಟುಕಟ್ಟಿದ ಬೆರಳು.

ಸದಾಶಿವಗಡ. ಮೊದಲನೆಯದು.
ತೋಪಿನ ಬಾಯೊಳಗೆ ಯಾರೋ ತುರುಕಿದ
ಚಿಪ್ಸಿನ ಪೊಟ್ಟಣ ಎಳೆದು ಕಿಸೆಗೆ ಹಾಕಿಕೊಂಡ.
ಇಸವಿ ಕೇಳಿದೆ.
'ಬೋರ್ಡು ಓದಿ, ನಂಗೆ ಗೊತ್ತಿಲ್ಲ.'

ಕಾಳಿಯ ಮೇಲೆ ಗಾಡಿ ನಿಧಾನ.
ಹಳೇ ಸೇತುವೆ ಬಿದ್ದ ಕಡೆ ಹೊಳೆ
ಏನೂ ಕಂಡಿಲ್ಲದವಳ ಹಾಗೆ
ಕಡಲಿಗೆ ಹೋಗುತ್ತಿತ್ತು.
'ಇದನ್ನೂ ಬರಕೊಳ್ಳಿ' ಅಂದ. ಬರೆಯಲಿಲ್ಲ;
ಪಟ್ಟಿಗೆ ಸೇರಲು ಇನ್ನೂ ನೂರು ವರ್ಷ ಹಳತಾಗಬೇಕು.

ದೀಪಸ್ತಂಭ, ದೂರದಿಂದ.
ಹುಲ್ಲಲ್ಲಿ ಹೂತ ಎರಡು ಗೋರಿ,
ಹೆಸರು ಪಾಚಿಯ ಪಾಲು.
ಮತ್ತೆ ಸುರಂಗ, ಕತ್ತಲು, ಬೆಳಕು, ಆಮೇಲೆ
ಬಲಕ್ಕೆ ಗೋಡೆ
ಗೋಡೆ
ಗೋಡೆ
ಮೇಲೆ ಮುಳ್ಳುತಂತಿ, ತಂತಿಯ ಮೇಲೆ
ಪರವಾನಗಿ ಇಲ್ಲದ ಒಂದು ಕಾಗೆ.

ಪಟ್ಟಿಯಲ್ಲಿ ಇಲ್ಲೇನೂ ಇಲ್ಲ.
ಗಾಡಿ ನಿಂತಿತು. ಹಿಂದಿನ ಲಾರಿ ಬೈದು ಹೋಯಿತು.

'ಆ ಮೂರನೇ ಕಂಬದ ನೇರಕ್ಕೆ ನಮ್ಮ ಶಾಲೆ.
ಶಾಲೆ ಹಿಂದೆ ಅತ್ತೆ ಬಂಗಡೆ ಒಣಗಿಸೋ ಹಾಸುಗಲ್ಲು,
ಬೆಕ್ಕು ಓಡಿಸೋ ಕೆಲಸ ನಂದು, ಎರಡನೇ ಇಯತ್ತೆವರೆಗೆ.
ಕ್ರೇನು ಕಾಣ್ತದಲ್ಲ, ಅದರ ಬುಡಕ್ಕೆ ಜಟಗ ಇದ್ದ.
ಅವನೊಬ್ಬನನ್ನ ಟೆಂಪೋದಲ್ಲಿ ತಂದ್ವು.
ಕಾಲೋನಿಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ಕೂರಿಸೋದು?
ಮೂರು ದಿನ ಜಗಳ.
ಅಲ್ಲಿಂದ ಕಡಲು ಕಾಣೋದಿಲ್ಲವಲ್ಲ.'

ಫೋಟೋ ತೆಗೆಯಬಾರದು ಎಂದಿತ್ತು ಫಲಕ.
ಬೆರಳು ತೋರಿಸಬಾರದು ಅಂತೇನೂ ಇರಲಿಲ್ಲ.
ತೋರಿಸುತ್ತಲೇ ಇದ್ದ:
ಬಾವಿ, ಹೊಯಿಗೆ, ಯಾರದೋ ಮದುವೆಯ ಚಪ್ಪರ,
ದೋಣಿ ಎಳೆಯುವಾಗ ಅಪ್ಪ ಒರಗುತ್ತಿದ್ದ ತೆಂಗು.
ನನ್ನ ಕಣ್ಣು ಪ್ರತಿ ಸಲ ಸಿಮೆಂಟಿಗೆ ಬಡಿದು ವಾಪಸು.

'ಮಗಳನ್ನೂ ಕರ್ಕೊಂಡು ಬಂದಿದ್ದೆ, ತೋರಿಸೋಣ ಅಂತ.
ಈ ಗೋಡೆ ಯಾವ ಇಸವೀದು ಪಪ್ಪಾ, ಕೇಳಿದ್ಲು.
ಅದು ಮಾತ್ರ ಗೊತ್ತಿತ್ತು ನೋಡಿ. ತಾರೀಖು ಸಮೇತ ಹೇಳ್ದೆ.'

ಅಂಕೋಲೆಗೆ ಮುಟ್ಟುವಾಗ ಬಿಸಿಲು ಇಳಿದಿತ್ತು.
ಉಪ್ಪಿಗಾಗಿ ಜೈಲಿಗೆ ಹೋದವರ ಹೆಸರು ಓದಿ,
ಹನ್ನೊಂದಕ್ಕೂ ಗುರುತು ಹಾಕಿ ಬಂದೆ.
ಅವನು ಬಾನೆಟ್ ಮೇಲೆ ಕಾಗದ ಇಟ್ಟು ಲೆಕ್ಕ ಬರೆಯುತ್ತಿದ್ದ:
ಕಿಲೋಮೀಟರು ಇಷ್ಟು,
ವೇಟಿಂಗು, ಗಡದಲ್ಲಿ ನಲವತ್ತು ನಿಮಿಷ,
ಗೋರಿ ಹತ್ತಿರ ಹತ್ತು, ಇಲ್ಲಿ ಅರ್ಧ ಗಂಟೆ.

ಗೋಡೆ ಹತ್ತಿರ ನಿಂತದ್ದು ಬಿಟ್ಟಿದ್ದೀರಿ, ಎಂದೆ.

ಪೆನ್ನಿನ ಮುಚ್ಚಳ ಹಾಕಿದ.
'ಅದು ನನ್ನ ಲೆಕ್ಕ.'