ಮೂವತ್ತು ಸೆಕೆಂಡು

ಮೊದಲ ಸಲ ನಾನು ಫೇಲಾದದ್ದು ಸೂಜಿಯಿಂದಲ್ಲ,
ಉಸಿರಿನಿಂದ.
ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದ ಜಾಗ ಬೇಗ ಆರಲೆಂದು
ಉಫ್ ಎಂದು ಊದಿಬಿಟ್ಟೆ,
ಮಂಡಿ ತರಚಿಕೊಂಡ ಮಗುವಿಗೆ ಊದುವ ಹಾಗೆ.
ಪೆಲ್ಕಿ ಮೇಡಂ ಪಟ್ಟಿಯ ಒಂಬತ್ತನೇ ಸಾಲಿಗೆ
ಕೆಂಪು ಗೀಟು ಎಳೆದರು:
"ನಿಮ್ಮ ಬಾಯಲ್ಲಿದ್ದದ್ದೆಲ್ಲ ಈಗ ಅಲ್ಲಿದೆ, ನಾರ್ಮಂಡ್.
ಮತ್ತೆ ಒರೆಸಿ. ಮೂವತ್ತು ಸೆಕೆಂಡು. ಸುಮ್ಮನೆ ನಿಲ್ಲಿ."

ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ.
ಇಪ್ಪತ್ತಾರು ವರ್ಷ ನದಿ ಮೇಲಿನ ಕಾಗದದ ಗಿರಣಿಯಲ್ಲಿ
ಮೂರನೇ ಯಂತ್ರದ ಒಣತುದಿಯಲ್ಲಿದ್ದವನು;
ನಾವು ನಿಂತರೆ ಹಾಳೆ ಹರಿಯುತ್ತದೆ,
ಹರಿದರೆ ಮೈಲಿಗಟ್ಟಲೆ ರದ್ದಿ.
ಒಂದು ಮಂಗಳವಾರ ಗಿರಣಿಯೇ ನಿಂತಿತು.
ಮರುತರಬೇತಿಗೆ ದುಡ್ಡು ಕೊಡುವವರು
ಮುಂದಿಟ್ಟದ್ದು ವೆಲ್ಡಿಂಗು, ಟ್ರಕ್ಕು,
ಮತ್ತೆ ಕ್ಲಿನಿಕ್ಕಿನ ವೈದ್ಯಕೀಯ ಸಹಾಯಕ.
ಬೆನ್ನುನೋವು ಮೊದಲೆರಡನ್ನು ತಿಂದುಹಾಕಿತು.
ಮೂರನೆಯದಕ್ಕೆ ಹೂಂ ಅಂದೆನೆಂದು ತಮ್ಮ ಗಿಲ್ಸ್ ನಕ್ಕ,
ಬಿಯರು ಮೂಗಿಗೇರುವವರೆಗೆ.

ಹದಿನೇಳು ಜನರ ತರಗತಿಯಲ್ಲಿ ಗಡ್ಡದವನು ನಾನೊಬ್ಬನೇ.
ರೋಗಿಯ ಹೆಸರನ್ನು ನಾವು ಹೇಳಬಾರದು, ಹೇಳಿಸಬೇಕು;
ಹೆದರಿದವರು ಯಾವ ಹೆಸರಿಗೂ ಹೌದೆನ್ನುತ್ತಾರೆ.
ತೂಕವನ್ನು ಗಟ್ಟಿಯಾಗಿ ಓದಬಾರದು.
ನೆತ್ತರ ನಳಿಗೆಗಳಿಗೂ ಸರದಿಯುಂಟು,
ತಿಳಿನೀಲಿ, ಕೆಂಪು, ಹಸಿರು, ನೇರಳೆ, ಬೂದು,
ಗಾಡಿಯ ಕನ್ನಡಿಗೆ ಚೀಟಿ ಅಂಟಿಸಿ ಉರುಹೊಡೆದೆ.
ರಬ್ಬರಿನ ತೋಳಿಗೆ ಲೂಸಿಯನ್ ಎಂದು ಹೆಸರಿಟ್ಟಿದ್ದೆವು,
ನೂರು ಸಲ ಚುಚ್ಚಿದರೂ ತುಟಿಪಿಟಕ್ಕೆನ್ನದ ಪುಣ್ಯಾತ್ಮ.

ಆಮೇಲೆ ಇಫ್ರಾಹ್‌ಳ ತೋಳು.

ಹತ್ತೊಂಬತ್ತರ ಹುಡುಗಿ. ಅಮ್ಮ ಮೊಗದಿಶುವಿನವಳು,
ಇವಳು ಹುಟ್ಟಿದ್ದು ಇಲ್ಲೇ, ಲೂಯಿಸ್ಟನ್ನಿನಲ್ಲಿ,
ನಮ್ಮಜ್ಜಿ ಬಟ್ಟೆಗಿರಣಿಗೆ ನಡೆಯುತ್ತಿದ್ದ ಬೀದಿಯಲ್ಲಿ.
ಮೊದಲ ದಿನ ನಾನು ಕೈ ಚಾಚಿದಾಗ
ತನ್ನೆದೆಯ ಮೇಲೆ ಅಂಗೈಯಿಟ್ಟು ತಲೆಬಾಗಿದ್ದಳು;
ನನ್ನ ಕೈ ಗಾಳಿಯಲ್ಲಿ ಬೆಪ್ಪಾಗಿ ಉಳಿದಿತ್ತು.
ಇವತ್ತು ತಾನೇ ತೋಳು ಮಡಚಿಕೊಂಡು
"ಕುಲುಕುವುದು ಬೇರೆ, ಕಲಿಯುವುದು ಬೇರೆ," ಅಂದಳು.
"ಅಮ್ಮನನ್ನು ಕೇಳಿಯೇ ಬಂದಿದ್ದೇನೆ.
ತಪ್ಪಿ ಚುಚ್ಚಿದರೆ ಮಾತ್ರ ನಿಮ್ಮ ವಿಳಾಸ ಕೊಡುತ್ತೇನೆ."

ಪಟ್ಟಿ ಬಿಗಿದೆ. ನರ ಕಾಣಲಿಲ್ಲ.
"ಕಣ್ಣಲ್ಲಿ ಹುಡುಕಬೇಡಿ," ಬೆನ್ನ ಹಿಂದೆ ಮೇಡಂ.
ತೋರುಬೆರಳು ಇಟ್ಟೆ, ಸರಿಸಿದೆ, ಇನ್ನೊಂದು ಕೂದಲೆಳೆ ಸರಿಸಿದೆ.
ಆಗ ಹೊಳೆಯಿತು, ಇದು ನನಗೆ ಗೊತ್ತಿದ್ದದ್ದೇ:
ಹಾಳೆಯೊಳಗೆ ಅಡಗಿದ ತೇವವನ್ನು
ಮೀಟರಿಗಿಂತ ಮುಂಚೆ ಹೇಳುತ್ತಿದ್ದ ಬೆರಳು ಇದೇ.
ಕೆಳಗೆ, ಆಳದಲ್ಲಿ, ಒತ್ತಿದರೆ ತಗ್ಗಿ
ಬಿಟ್ಟರೆ ಎದ್ದು ಬರುವ ಒಂದು ಪುಟಿತ.

ಒರೆಸಿದೆ. ನಿಂತೆ.
ತುಟಿ ಬಿಗಿದು ಅಜ್ಜಿಯ ಫ್ರೆಂಚಿನಲ್ಲಿ ಎಣಿಸಿದೆ.
ಏಳು, ಎಂಟು. ಚರ್ಮದ ಹೊಳಪು ಅಂಚಿನಿಂದ ಆರುತ್ತಿದೆ.
ಹನ್ನೆರಡು. ಕಿಟಕಿಯಾಚೆ ಹಿಮ ತಳ್ಳುವ ಲಾರಿ.
ಹದಿನೆಂಟು. ಅವಳ ತುಟಿಯೂ ಅಲ್ಲಾಡುತ್ತಿದೆ,
ತನ್ನ ಅಮ್ಮನ ಮಾತಿನಲ್ಲಿ ಎಣಿಸುತ್ತಿದ್ದಾಳೆ,
ನನಗಿಂತ ಮುಂದೋ, ಹಿಂದೋ.
ಇಪ್ಪತ್ತೊಂಬತ್ತು.

ನಳಿಗೆಯೊಳಗೆ ಕೆಂಪು ನುಗ್ಗಿ ಬಂತು,
ಕರೆಯಲು ಕಾದವರ ಹಾಗೆ.
ಬಿಗಿಪಟ್ಟಿ ಮೊದಲು, ಸೂಜಿ ಆಮೇಲೆ, ಅದನ್ನು ಮರೆಯಲಿಲ್ಲ.
ಚೀಟಿ ಅಂಟಿಸುವುದನ್ನು ಮರೆತೆ.
ಹದಿನಾಲ್ಕನೇ ಸಾಲಿಗೆ ಗೀಟು.

ಎಲ್ಲರೂ ಹೋದ ಮೇಲೆ ಪರೀಕ್ಷೆಯ ಮಂಚಕ್ಕೆ
ಸುರುಳಿಯಿಂದ ಹೊಸ ಕಾಗದ ಎಳೆದೆ.
ಹೆಬ್ಬೆರಳು ತಾನಾಗಿಯೇ ಉಜ್ಜಿ ನೋಡಿತು:
ತೆಳು. ಒಂಚೂರು ಹೆಚ್ಚೇ ಒಣಗಿಸಿದ್ದಾರೆ.
ನಮ್ಮದಲ್ಲ.
ಎಲ್ಲೋ ಯಾರದೋ ರಾತ್ರಿಪಾಳಿಯದು.
ಸುಕ್ಕು ಬಿಡಿಸಿ, ತುದಿ ಸಿಕ್ಕಿಸಿ,
ದೀಪ ಆರಿಸಿದೆ.